ಟಗರಿಗಾದರೆ ಫೋಟೋ, ಗಂಡನಿಗಾದರೆ ತಾರು

ಡಾರ್ಲಿಂಗ್ ನದಿಯಾಚೆ ನಮ್ಮದು ಕುರಿಗಳ ಬದುಕು. ಒಂದು ಕುರಿ ಕಾಲೆಳೆದರೂ ನನ್ನ ಗಂಡ ರಾಯ್ಸ್‌ಗೆ ಊಟ ಸೇರುವುದಿಲ್ಲ. ಆದರೆ ತನ್ನದೇ ಮೀನಖಂಡದ ಮೇಲೆ ಕಪ್ಪು ಮಚ್ಚೆಯೊಂದು ಅಂಗಿಯ ಗುಂಡಿಯಷ್ಟು ಬೆಳೆದು, ರಕ್ತ ಜಿನುಗುತ್ತಿದ್ದರೂ ಆಸಾಮಿಗೆ ಚಿಂತೆಯಿಲ್ಲ.

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಉಣ್ಣೆ ಕತ್ತರಿಸುವ ಕೆಲಸ ಮುಗಿಯಲಿ ಅಂದ. ಮುಗಿಯಿತು. ಮಳೆ ಬರಲಿ ಅಂದ. ನಮ್ಮ ಕಡೆ ಮಳೆಗೆ ಕಾದು ಕೂತವರು ಮುದುಕರಾಗುತ್ತಾರೆ. ಚರ್ಮದ ಡಾಕ್ಟರು ಇರುವುದು ಸಿಡ್ನಿಯಲ್ಲಿ, ಅಷ್ಟು ದೂರ ಹೋದರೆ ಕುರಿಗೆ ನೀರು ನೋಡುವವರು ಯಾರು ಎಂಬುದು ಅವನ ಖಾಯಂ ಪಲ್ಲವಿ.

ಕೊನೆಗೆ ನಾನೇ ನಮ್ಮೂರ ಚಿಕ್ಕ ಆಸ್ಪತ್ರೆಯ ನರ್ಸ್ ಟ್ಯಾಮ್ಸಿನ್‌ಗೆ ಫೋನ್ ಮಾಡಿದೆ. ಮೊದಲು ಮಚ್ಚೆಯ ಫೋಟೋ ಕಳಿಸಿ, ಚರ್ಮದ ಡಾಕ್ಟರು ನೋಡಿ ವಿಡಿಯೋದಲ್ಲಿ ಮಾತಾಡುತ್ತಾರೆ ಅಂದಳು. ರಾಯ್ಸ್ ನಕ್ಕ.

"ಫೋನಲ್ಲಿ ನೋಡಿ ಏನ್ ಕಣಿ ಹೇಳ್ತಾರಾ ಅವರು?"

ಇಷ್ಟು ಹೇಳಿ ಹೊರಗೆ ಹೋದವನು ಏನು ಮಾಡಿದ ಗೊತ್ತೇ? ಕುಂಟುತ್ತಿದ್ದ ಟಗರಿನ ಗೊರಸು ಎತ್ತಿ ಹಿಡಿದು, ಫೋಟೋ ತೆಗೆದು, ಪಶುವೈದ್ಯರಿಗೆ ಕಳಿಸಿದ. ನನ್ನ ಪಿತ್ತ ನೆತ್ತಿಗೇರಿತು.

"ಆ ಟಗರಿನ ಕಾಲು ಫೋನಲ್ಲಿ ಕಾಣುತ್ತೆ, ನಿನ್ ಕಾಲು ಕಾಣಲ್ವೇನಯ್ಯಾ? ಟಗರು ಹೋದ್ರೆ ಇನ್ನೊಂದು ತರ್ತೀಯ. ನೀನು ಹೋದ್ರೆ ನಾನೇನ್ ಮಾಡ್ಲಿ?"

ಅವನು ಕುರಿ ಕೊಟ್ಟಿಗೆಯತ್ತ ನಡೆದ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಪ್ಯಾಂಟು ಮಡಿಸಿ ಕೂತ. ನೋಡುತ್ತೇನೆ, ಮಚ್ಚೆಯ ತುಂಬ ತಾರು. ಉಣ್ಣೆ ಕತ್ತರಿಸುವಾಗ ಕುರಿಗೆ ಗಾಯವಾದರೆ ಬಳಿಯುವ, ಡಾಂಬರಿನಂಥ ಕಪ್ಪು ತಾರನ್ನೇ ಮೆತ್ತಿಕೊಂಡು ಬಂದಿದ್ದ. ಡಾಕ್ಟರ ಮುಂದೆ ಚೊಕ್ಕಟವಾಗಿ ಕಾಣಲಿ ಅಂತಂತೆ. ಇಂಥವನ ಜೊತೆ ಸಂಸಾರ ಮಾಡುವುದು ಹೇಗೆ, ನೀವೇ ಹೇಳಿ.

ಟ್ಯಾಮ್ಸಿನ್‌ಗೆ ಮತ್ತೆ ಫೋನ್ ಮಾಡಿದೆ. ಅಡುಗೆ ಎಣ್ಣೆಯಲ್ಲಿ ಮೆಲ್ಲಗೆ ಒರೆಸಿ, ಉಜ್ಜಬೇಡಿ ಅಂದಳು.

"ಬರೀ ಚರ್ಮ ಕಾಣ್ಬೇಕು ಗ್ಲೆಂಡಾ. ಹಗಲು ಬೆಳಕಲ್ಲಿ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೀರಿ. ಪಕ್ಕದಲ್ಲಿ ನಾಣ್ಯ ಇಡಿ, ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಾಗ್ಲಿ."

ಹಾಗೇ ಕಳಿಸಿದೆವು. ಮರುದಿನವೇ ಡಾಕ್ಟರು ವಿಡಿಯೋದಲ್ಲಿ ಬಂದರು. ಮಚ್ಚೆ ಯಾವಾಗಿನಿಂದ ಇದೆ, ಬಣ್ಣ ಬದಲಾಯಿತೇ, ರಕ್ತ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕ್ಯಾನ್ಸರ್ ಇರಬಹುದು, ತೆಗೆದು ಪರೀಕ್ಷೆ ಮಾಡಲೇಬೇಕು, ಈ ವಾರವೇ ಬನ್ನಿ ಅಂದರು. ಕುರಿಗೆ ನೀರು ಯಾರು ನೋಡುತ್ತಾರೆ ಅಂತ ರಾಯ್ಸ್ ಈ ಸಲ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡ.

ಸಿಡ್ನಿಗೆ ಹೋದೆವು. ಕ್ಯಾನ್ಸರೇ ಆಗಿತ್ತು. ಪುಣ್ಯಕ್ಕೆ ಆಳಕ್ಕೆ ಇಳಿದಿರಲಿಲ್ಲ, ಕತ್ತರಿಸಿ ತೆಗೆದರು. ಹೊಲಿಗೆಯನ್ನು ಇಲ್ಲೇ ಟ್ಯಾಮ್ಸಿನ್ ಬಿಚ್ಚಿದಳು. ಆಮೇಲೆ ಗಾಯ ಮಾಯ್ದಿದೆಯೇ ಎಂದು ಡಾಕ್ಟರು ಫೋನಿನಲ್ಲೇ ನೋಡಿದರು. ಈಗ ರಾಯ್ಸ್ ಸಿಕ್ಕವರನ್ನೆಲ್ಲ ನಿಲ್ಲಿಸಿ, ಫೋಟೋ ಕಳಿಸುವ ಉಪಾಯ ಹೊಳೆದದ್ದೇ ತನಗೆ ಅನ್ನುತ್ತಾನೆ. ಅನ್ನಲಿ ಬಿಡಿ. ಅನ್ನುವುದಕ್ಕೆ ಇದ್ದಾನಲ್ಲ.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇರಬಹುದು. ಬೆಳೆಯುವ, ಬಣ್ಣ ಬದಲಿಸುವ, ರಕ್ತ ಬರುವ ಮಚ್ಚೆ ಕಂಡರೆ ಇವತ್ತೇ ನರ್ಸಿಗೆ ಫೋನ್ ಮಾಡಿ, ಫೋಟೋ ಕಳಿಸಿ. ಡಾಕ್ಟರು ಬನ್ನಿ ಅಂದರೆ ನೆಪ ಹೇಳದೆ ಹೋಗಿ. ನಿಮಗೆ ಕೈ ಮುಗಿಯುತ್ತೇನೆ, ತಾರು ಮಾತ್ರ ಹಚ್ಚಬೇಡಿ.