ನೀವಿಲ್ಲದ ಮೂರು ದಿನಗಳು

ಇರುಳೆಲ್ಲ ಸುರಿದು ದಣಿದ ಮಳೆ ನಸುಕಿನ ಹೊತ್ತಿಗೆ ನಿಂತಿತ್ತು. ಆ ಮಹಾನಗರದ ಮೇಲೆ ಈಗ ತೊಳೆದಿಟ್ಟಂತಹ ಬೆಳಕು... ಎತ್ತರದ ಕಟ್ಟಡಗಳ ಗಾಜಿನ ಮೈಯಿಂದ ಜಾರಿ, ಬೀದಿಗೆ ಅಡ್ಡಡ್ಡ ಬಿಗಿದ ತಂತಿಗಳ ಜಟಿಲಜಾಲದಲ್ಲಿ ಕ್ಷಣಕಾಲ ತೊಡಕಿಕೊಂಡು, ಕೊನೆಗೆ ರಸ್ತೆಯ ಗುಂಡಿಗಳಲ್ಲಿ ನಿಂತ ನೀರಿಗೆ ಇಳಿದು ವಿಶ್ರಮಿಸುವ ಹೊಂಬೆಳಕು! ಬಸ್ಸುಗಳ ಆರ್ಭಟ, ಅಂಗಡಿಗಳ ಕಬ್ಬಿಣದ ಬಾಗಿಲುಗಳು ಮೇಲೇರುವ ಕರ್ಕಶನಾದ, ಎಲ್ಲಿಗೋ ತಡವಾಯಿತೆಂದು ಧಾವಿಸುವ ಅಸಂಖ್ಯ ಪಾದಗಳ ಸಪ್ಪಳ; ಇವೆಲ್ಲವೂ ಸೇರಿ ಆ ನಗರದ ಉದಯರಾಗವಾಗಿತ್ತು. ಸಹೃದಯ ವಾಚಕರೇ, ಆ ಜನಪ್ರವಾಹದ ಅಂಚಿನಲ್ಲಿ, ವಸತಿಗೃಹದ ಮೆಟ್ಟಿಲ ಮೇಲೆ, ಹೆಗಲಿಗೊಂದು ಬಟ್ಟೆಯ ಚೀಲ ತೂಗಿಕೊಂಡು ನಿಂತಿದ್ದವಳನ್ನು ನೋಡಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಆಕೆಗೆ ನಲವತ್ತೇಳು ವರ್ಷ, ಮತ್ತು ಒಬ್ಬಂಟಿಯಾಗಿ ಒಂದು ಊರಿಗೆ ಬಂದದ್ದು ಇದೇ ಮೊದಲು.

ಬರಬೇಕಾಗಿದ್ದುದು ಇಬ್ಬರು. ಆಕೆಯ ಪತಿ ಭೂಮಾಪನ ಇಲಾಖೆಯ ಸರ್ವೇಯರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ರಜೆಯಲ್ಲೂ ಪತ್ನಿಯನ್ನು ಒಂದೊಂದು ಊರಿಗೆ ಕರೆದೊಯ್ದು, ನಕ್ಷೆ ಹಿಡಿದು, ಗಡಿಯಾರ ನೋಡಿ, ಒಂದು ಗೋಪುರಕ್ಕೆ ಇಪ್ಪತ್ತು ನಿಮಿಷ, ಒಂದು ಉದ್ಯಾನಕ್ಕೆ ಅರ್ಧ ಗಂಟೆ ಎಂದು ಅಳೆದು ತೋರಿಸಿದ ಮಹಾನುಭಾವ. ಈ ಸಲ ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಏಣಿಯಿಂದ ಜಾರಿ ಎಡಗಾಲು ಮುರಿದುಕೊಂಡ. ಪ್ರಯಾಣವೇ ಬೇಡವೆಂದು ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ.

“ಮುರಿದಿರೋದು ನನ್ನ ಕಾಲು. ನಿನ್ನ ಕಾಲಿಗೇನಾಗಿದೆ? ಹೋಗಿ ಬಾ ಟೀಚರಮ್ಮ, ನಾನು ಎಲ್ಲ ಬರೆದುಕೊಟ್ಟಿದ್ದೀನಿ” ಎಂದು, ಹತ್ತು ದಿನಗಳ ವೇಳಾಪಟ್ಟಿಯನ್ನು ಕೈಗಿತ್ತು, ತಂಗಿಯನ್ನು ಶುಶ್ರೂಷೆಗೆ ಕರೆಸಿಕೊಂಡು, ಮಡದಿಯನ್ನು ರೈಲಿಗೆ ಕಳಿಸಿಯೇ ಬಿಟ್ಟಿದ್ದ.

ಮೊದಲ ದಿನ ಆಕೆ ಪಟ್ಟಿಯಲ್ಲಿದ್ದಂತೆಯೇ ನಡೆದಳು. ವಸ್ತುಸಂಗ್ರಹಾಲಯ, ಸರೋವರ, ಹಳೆಯ ಕೋಟೆ... ಎಲ್ಲವೂ ಸುಂದರ, ಎಲ್ಲವೂ ನೀರಸ! ಎರಡನೆಯ ದಿನ, ಆ ಹೊಂಬೆಳಕಿನ ಮುಂಜಾನೆ, ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಪಕ್ಕದ ಓಣಿಗೆ ಕಾಲಿಟ್ಟಳು. ಅಲ್ಲಿ, ಹಳೆಯ ಪೀಠೋಪಕರಣಗಳ ಅಂಗಡಿಯ ಮುಂದೆ, ಬೆತ್ತ ಹೆಣೆಯುವ ಒಬ್ಬ ಮುದುಕಿ ಆಸನದ ಹೆಣಿಗೆ ಕಿತ್ತುಹೋದ ಕುರ್ಚಿಯೊಂದನ್ನು ಮಗುವಿನಂತೆ ಮಡಿಲಿಗೆಳೆದುಕೊಂಡು ಕುಳಿತಿದ್ದಳು. ಪಕ್ಕದ ಬಕೆಟ್ಟಿನಲ್ಲಿ ನೆನೆದ ಬೆತ್ತದ ಎಳೆಗಳು. ಒಂದನ್ನು ಎತ್ತಿ, ತುಟಿಗಳ ನಡುವೆ ಕಚ್ಚಿ ಹಿಡಿದು, ಮತ್ತೊಂದನ್ನು ಚೌಕಟ್ಟಿನ ತೂತಿನಲ್ಲಿ ಪೋಣಿಸಿ ಬಿಗಿಯುತ್ತಿದ್ದಳು. ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ. ಶೂನ್ಯವಾಗಿದ್ದ ಆ ಚೌಕಟ್ಟಿನೊಳಗೆ ನಕ್ಷತ್ರಾಕೃತಿಯ ಕಿಂಡಿಗಳು ಒಂದೊಂದಾಗಿ ಅರಳತೊಡಗಿದವು.

ನಮ್ಮ ನಾಯಕಿ ಎದುರಿನ ಕಟ್ಟೆಯ ಮೇಲೆ ಕುಳಿತು ಚಿತ್ರದ ಪುಸ್ತಕ ತೆರೆದಳು. ಮತ್ತೆ ತಲೆಯೆತ್ತಿದಾಗ ನಾಲ್ಕು ಗಂಟೆಗಳು ಕಳೆದಿದ್ದವು! ಯಾರೂ ಅವಳನ್ನು ಏಳು ಎನ್ನಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ವರ್ಷಾನುವರ್ಷ ಮುಚ್ಚಿದ್ದ ಕೋಣೆಯ ಕಿಟಕಿ ತೆರೆದಂತೆ ಅವಳೆದೆಯೊಳಗೆ ಗಾಳಿಯಾಡಿತು. ನಾನು ಎಷ್ಟು ಸುಖವಾಗಿದ್ದೇನೆ ಎಂದುಕೊಂಡಳು. ಎಂದುಕೊಂಡ ಮರುಗಳಿಗೆಯೇ ಹಾಸಿಗೆ ಹಿಡಿದ ಪತಿಯ ನೆನಪಾಗಿ, ಕದ್ದು ತಿಂದವಳಂತೆ ಮುಖ ಕೆಂಪಾಯಿತು.

ಆಗಲೇ ಅವನ ಫೋನು ಬಂತು.

“ಹೇಗಿದೆ ಊರು? ಖುಷಿಯಾಗಿದ್ದೀಯ ತಾನೆ?”

“ಎಲ್ಲಿಯ ಖುಷಿ ರೀ...” ಎಂದಳು ಆಕೆ, ಸ್ವರವನ್ನು ತಾನಾಗಿಯೇ ತಗ್ಗಿಸಿ. “ನೀವಿಲ್ಲದೆ ಯಾವುದೂ ರುಚಿಸ್ತಿಲ್ಲ. ಊಟವೂ ಸೇರ್ತಿಲ್ಲ. ಬರೀ ಗದ್ದಲ, ತಲೆ ಚಿಟ್ಟು ಹಿಡಿದುಹೋಗಿದೆ.”

ಸುಳ್ಳು! ಆದರೆ ಎಂತಹ ಮೃದುವಾದ ಸುಳ್ಳು... ತನ್ನ ಸಂತೋಷವನ್ನು ಅವನಿಗೆ ಕೊಡಲಾರದವಳು, ಒಂದಿಷ್ಟು ದುಃಖವನ್ನಾದರೂ ಕಾಣಿಕೆಯಾಗಿ ಒಪ್ಪಿಸಿದ್ದಳು.

ಮೂರನೆಯ ದಿನವೂ ಅದೇ ಕಟ್ಟೆ, ಅದೇ ಸುಳ್ಳು. ಇನ್ನೂ ಒಂದಿಷ್ಟು ಒಗ್ಗರಣೆ ಹಾಕಿ, ನಿನ್ನೆ ಅತ್ತೆನೆಂದೂ ಸೇರಿಸಿಬಿಟ್ಟಳು. ಫೋನನ್ನು ಚೀಲಕ್ಕೆ ಹಾಕಿ ಮತ್ತೆ ಪೆನ್ಸಿಲ್ ಹಿಡಿದಾಗ, ಮುದುಕಿ ಬಾಯಲ್ಲಿದ್ದ ಎಳೆಯನ್ನು ತೆಗೆದು ಕೇಳಿದಳು.

“ಯಾರಮ್ಮ, ಯಜಮಾನ್ರಾ?”

“ಹೂಂ.”

“ಮಾತಾಡುವಾಗ ಮುಖ ಹರಳೆಣ್ಣೆ ಕುಡಿದ ಹಾಗೆ ಮಾಡ್ಕೊಂಡಿದ್ದೆ. ಇಟ್ಟ ತಕ್ಷಣ ಅರಳಿಬಿಡ್ತು. ಅವರ ಮೇಲೆ ಕೋಪವಾ?”

“ಅಯ್ಯೋ, ಇಲ್ಲಜ್ಜಿ. ಅವರು ಬಹಳ ಒಳ್ಳೆಯವರು.”

“ಒಳ್ಳೆಯವರಿಗೆ ಯಾಕಮ್ಮ ಸುಳ್ಳು ಹೇಳ್ತೀಯ?” ಎಂದ ಮುದುಕಿ, ಉತ್ತರಕ್ಕೆ ಕಾಯದೆ ಎಳೆಯನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಅಂದು ಸಂಜೆ ನಾದಿನಿಯ ಫೋನು. “ಅತ್ತಿಗೆ, ಅಣ್ಣ ರೈಲು ಹತ್ತಿಬಿಟ್ಟ. ಡಾಕ್ಟರು ಬೇಡ ಅಂದ್ರೂ ಕೇಳ್ಲಿಲ್ಲ. ಅವಳು ಅಲ್ಲಿ ಊಟ ಬಿಟ್ಟು ಅಳ್ತಾ ಕೂತಿದ್ದಾಳೆ, ನಾನಿಲ್ಲಿ ಕಾಲು ಚಾಚಿ ಮಲಗಲಾ ಅಂದ. ಬೆಳಿಗ್ಗೆ ಅಲ್ಲಿರ್ತಾನೆ.”

ಆ ಕ್ಷಣ ಅವಳೆದೆಯಲ್ಲಿ ಮೊದಲು ಎದ್ದ ಭಾವ ಗಾಬರಿಯಲ್ಲ, ಕನಿಕರವೂ ಅಲ್ಲ. ಅಯ್ಯೋ, ನನ್ನ ಉಳಿದ ದಿನಗಳು ಹೋದವಲ್ಲ ಎಂಬ ಹಳಹಳಿಕೆ! ಮಿಕ್ಕದ್ದೆಲ್ಲ ಅದರ ಹಿಂದೆ ಬಂತು. ಆ ಅನುಕ್ರಮವನ್ನು ಅವಳು ತನಗೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಮರುದಿನ ನಿಲ್ದಾಣದಲ್ಲಿ, ಕೂಲಿಯವನೊಬ್ಬ ತಳ್ಳಿಕೊಂಡು ಬಂದ ಗಾಲಿಕುರ್ಚಿಯಲ್ಲಿ ಅವನಿದ್ದ. ನಿದ್ದೆಗೆಟ್ಟು ಬಿಳಿಚಿದ ಮುಖ. ಬ್ಯಾಂಡೇಜಿನಾಚೆ ಇಣುಕಿದ ಬೆರಳುಗಳು ಊದಿ ನೀಲಿಗಟ್ಟಿದ್ದವು. ಆದರೂ ಅವಳನ್ನು ಕಂಡೊಡನೆ ನಕ್ಕ.

“ಬಂದೆ ನೋಡು. ಇನ್ನು ಅಳಬೇಡ.”

ಶರತ್ಕಾಲದ ಬಿಸಿಲಿನಷ್ಟು ನಿಷ್ಕಳಂಕವಾದ ಆ ನಗು! ಅದನ್ನು ಎದುರಿಸಲಾರದೆ ಅವಳು ಬಗ್ಗಿ ಅವನ ಚೀಲವನ್ನು ಎತ್ತಿಕೊಂಡಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುರಿದ ಕಾಲಿನಲ್ಲೇ ಓಡಿ ಬಂದದ್ದನ್ನು ಅವನೂ ಜೀವಮಾನವಿಡೀ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕೋಣೆ ಸೇರಿ, ಅವನ ಕಾಲನ್ನು ಎರಡು ದಿಂಬುಗಳ ಮೇಲಿಟ್ಟು, ಊದಿದ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒತ್ತುವಾಗ ಅವನು ಹಲ್ಲು ಕಚ್ಚಿ ನೋವು ನುಂಗಿದ. ಅದನ್ನು ಕಂಡ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ನಾನು ಅಳಲಿಲ್ಲ. ಚೆನ್ನಾಗಿಯೇ ಊಟ ಮಾಡಿದೆ. ಬಹಳ ಖುಷಿಯಾಗಿದ್ದೆ. ನಿಮಗೆ ಸುಳ್ಳು ಹೇಳಿದೆ.”

ಅವನು ಅವಳ ಮುಖವನ್ನೇ ನೋಡಿದ.

“ಯಾಕೆ?”

“ನೀವು ಮಲಗಿರುವಾಗ ನಾನು ಖುಷಿಯಾಗಿದ್ದೀನಿ ಅನ್ನೋಕೆ ನಾಚಿಕೆಯಾಯ್ತು.”

“ನನ್ನ ಕಾಲು ಮುರಿದಿದೆ ಅಂತ ಮಾತ್ರವಾ?”

ಎಂತಹ ನಿಖರವಾದ ಪ್ರಶ್ನೆ! ಗಡಿಕಲ್ಲು ಎಲ್ಲಿದೆಯೆಂದು ಹುಡುಕುವುದೇ ಅವನ ವೃತ್ತಿಯಲ್ಲವೇ... ಅವಳು ಬಟ್ಟೆಯನ್ನು ನೀರಿಗದ್ದಿ ಹಿಂಡಿದಳು.

“ಅಲ್ಲ. ಒಬ್ಬಳೇ ಇದ್ದುದಕ್ಕೇ ಖುಷಿಯಾಯ್ತು.”

“ಹಾಗಾದ್ರೆ ಇಷ್ಟು ವರ್ಷ ನಾನು ತೋರಿಸಿದ ಊರುಗಳು?”

“ನಾನು ಊರು ನೋಡಲಿಲ್ಲ ರೀ. ನಿಮ್ಮ ಜೊತೆ ಇದ್ದೆ. ಅದೂ ನನಗೆ ಬೇಕಾಗಿತ್ತು. ಇದೂ ಬೇಕು ಅಂತ ಇಲ್ಲಿಗೆ ಬರೋವರೆಗೂ ಗೊತ್ತಿರಲಿಲ್ಲ.”

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಸಂಜೆಯವರೆಗೂ ಅವರ ನಡುವೆ ನೀರು, ಮಾತ್ರೆ, ದಿಂಬು ಎಂಬ ಮೂರು ಪದಗಳಷ್ಟೇ ಸುಳಿದಾಡಿದವು.

ಮರುದಿನ ಬೆಳಿಗ್ಗೆ ಅವನೇ ಹೇಳಿದ. “ಹೋಗಿ ಬಾ.”

“ನಿಮ್ಮನ್ನು ಹೀಗೆ ಬಿಟ್ಟು ಹೋಗಲ್ಲ.”

“ಹೋಗು. ನನಗೂ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು.”

ಅವಳು ಹೋದಳು. ಓಣಿಯ ಅದೇ ಕಟ್ಟೆಯಲ್ಲಿ ಕುಳಿತಳು. ಆದರೆ ಒಂದು ಗೆರೆಯೂ ಮೂಡಲಿಲ್ಲ. ಇಷ್ಟು ದೂರ ನೋವು ತಿಂದು ಬಂದ ಜೀವವೊಂದನ್ನು ಕೋಣೆಯಲ್ಲಿ ಮಲಗಿಸಿ ಇಲ್ಲಿ ಕುಳಿತಿದ್ದೇನಲ್ಲ! ಎದ್ದುಬಿಡೋಣವೆಂದು ಹೊರಟವಳಿಗೆ ಮುದುಕಿಯ ಕೈ ಕಂಡಿತು. ಮುಗಿಯುತ್ತ ಬಂದಿದ್ದ ಆಸನದ ಮಧ್ಯದಲ್ಲಿ ಒಂದು ಎಳೆ ತಪ್ಪಿ ಹೋಗಿತ್ತು. ಮುದುಕಿ ಗೊಣಗಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ; ಹನ್ನೆರಡು ಸಾಲು ಬಿಚ್ಚಿ ಮತ್ತೆ ಅಲ್ಲಿಂದಲೇ ಹೆಣೆಯಲು ಕುಳಿತಳು. ನಮ್ಮ ನಾಯಕಿ ಪೂರ್ತಿ ಎರಡು ಗಂಟೆ ಅದನ್ನು ನೋಡಿದಳು, ಬರೆಯದೆ.

ಮಧ್ಯಾಹ್ನ ಹಿಂತಿರುಗಿದಾಗ ಅವನು ಗೋಡೆಗೊರಗಿ ಕುಳಿತಿದ್ದ.

“ಏನು ನೋಡಿದೆ?”

“ಏನಿಲ್ಲ, ಸುಮ್ಮನೆ...”

“ನಿಜ ಹೇಳು. ಖುಷಿಯಾಗಿದ್ರೆ ಖುಷಿಯಾಗಿತ್ತು ಅಂತಲೇ ಹೇಳು.”

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳತೊಡಗಿದಳು. ಮುದುಕಿಯ ಬಕೆಟ್ಟು, ಬೆತ್ತದ ವಾಸನೆ, ಬಾಯಲ್ಲಿ ಹಿಡಿದ ಎಳೆ, ಬಿಚ್ಚಿದ ಸಾಲುಗಳು... ಮೊದಮೊದಲು ತಡವರಿಸಿ, ಆಮೇಲೆ ಮೈಮರೆತು, ಕೈ ಆಡಿಸುತ್ತ, ಕಣ್ಣು ಹೊಳೆಸುತ್ತ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ. ತಾನಿಲ್ಲದ ಕಡೆ ಅರಳಿದ ಆ ಸಂತೋಷ ಅವನನ್ನು ಇರಿಯುತ್ತಿತ್ತು. ಅದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು, ಅವಳಿಗೂ ಕಾಣುತ್ತಿತ್ತು. ಮಾತು ನಿಲ್ಲಿಸಿದಳು.

“ಆಮೇಲೆ?” ಎಂದ ಅವನು, ಕಣ್ಣು ತೆರೆಯದೆಯೇ. “ಮತ್ತೆ ಹೆಣೆದಳಾ, ಇಲ್ವಾ?”

ಅವಳು ಹೇಳಿದಳು, ಕೊನೆಯ ಗಂಟಿನವರೆಗೆ, ಒಂದೆಳೆಯನ್ನೂ ಕುಗ್ಗಿಸದೆ.

ಪ್ರೀತಿಸಿದವರ ದುಃಖದಲ್ಲಿ ಪಾಲು ಬೇಡುವುದು ಎಷ್ಟು ಸುಲಭ! ಆದರೆ ತನಗೆಡೆಯಿಲ್ಲದ ಅವರ ಸುಖದ ಹೊಸ್ತಿಲಲ್ಲಿ ಕುಳಿತು, ನೊಂದ ಮನಸ್ಸಿನಿಂದಲೇ, ಮುಂದೇನಾಯಿತೆಂದು ಕೇಳುವುದಿದೆಯಲ್ಲ... ಅದು ಎಲ್ಲರಿಗೂ ಸಾಧ್ಯವಲ್ಲ. ಅಂದು ಆ ಕೋಣೆಯಲ್ಲಿ ಕೇಳಿದವನಿಗೂ ನೋವಿತ್ತು, ಹೇಳಿದವಳಿಗೂ ನೋವಿತ್ತು. ಆ ನೋವು ಅವರಿಬ್ಬರದೂ ಆಗಿತ್ತು, ಮತ್ತು ಎಷ್ಟೋ ಊರುಗಳನ್ನು ಜೊತೆಗೆ ಸುತ್ತಿದ ಮೇಲೆ, ಮೊದಲ ಸಲ ಅವರು ನಿಜಕ್ಕೂ ಒಂದೇ ಊರಿನಲ್ಲಿದ್ದರು.