ಎರಡು ಚುಕ್ಕೆಯ ಅಕ್ಷರ

"ಆ ತಾಯ್ರಾನಾ? ನಿಮ್ಮಕ್ಕ ಅವಳ ಮುಖ ಕಂಡ್ರೆ ಬಾಗಿಲು ಹಾಕ್ಕೋತಿದ್ಲಲ್ಲೇ, ಒಕಾಚಿ! ಈಗ ಅವಳಿಗೇ ಅಕ್ಕನ ಬಟ್ಟೆ ಉಡಿಸ್ತೀಯಾ?" ಪಕ್ಕದ ಮನೆಯ ಸಾಪನ್ ಮುದುಕ ಬೇಲಿಯಾಚೆಯಿಂದಲೇ ರೇಗಿದ.

"ಉಡಿಸ್ತೀನಿ ಮಾವ. ನಿನ್ನೇನಾದ್ರೂ ಕೇಳಿದ್ನಾ?"

ಸತ್ತ ನಲವತ್ತನೆಯ ದಿನ ಮಾರಿ ಎಂಬ ಉತ್ತರದ ಜನಾಂಗದವರ ಮನೆಗಳಲ್ಲಿ ಒಬ್ಬರು ಸತ್ತವರ ಬಟ್ಟೆ ತೊಟ್ಟು ಊಟಕ್ಕೆ ಕೂರಬೇಕು. ಅಂದು ಅವರೇ ಸತ್ತವರು. ಹೊತ್ತು ಮುಳುಗಿದಾಗ ಅವರನ್ನು ಕಳಿಸಿಕೊಟ್ಟರೆ ಸತ್ತವರನ್ನು ಕಳಿಸಿಕೊಟ್ಟಂತೆ. ಇದಕ್ಕೆ ಸತ್ತವರ ಆಪ್ತರನ್ನು ಕರೆಯುವುದು ವಾಡಿಕೆ. ಒಕಾಚಿಯ ಲೆಕ್ಕವೇ ಬೇರೆ. ತೀರಿಹೋದ ಅಕ್ಕ ಒನಿಸಾ ಅವಳನ್ನು ಎಪ್ಪತ್ತು ದಾಟಿದ ಮೇಲೂ 'ಹುಡುಗೀ' ಎಂದೇ ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಆ ಮಾತು ಶುರುವಾಗುವುದು Ӱ ಅಕ್ಷರದಿಂದ. ತಲೆಯ ಮೇಲೆ ಎರಡು ಚುಕ್ಕೆ. 'ಉ' ಅನ್ನುವ ಹಾಗೆ ತುಟಿ ದುಂಡಗೆ ಮಾಡಿ, ಒಳಗಿಂದ 'ಈ' ಅನ್ನಬೇಕು. ಶಾಲೆಯಲ್ಲಿ ಅದನ್ನು ಕಲಿಸುತ್ತಿದ್ದವಳೇ ಒಕಾಚಿ. ಆ ಪಾಠ ನಿಂತುಹೋಗಿ ಎಷ್ಟೋ ಕಾಲವಾಯಿತು. ಅಕ್ಕನ ಹಾಗೆ ಆ ಅಕ್ಷರವನ್ನು ಎಳೆದು ನುಡಿಯುವವಳು ಊರಿನಲ್ಲಿ ಈಗ ತಾಯ್ರಾ ಒಬ್ಬಳೇ. ಒಂದೇ ಒಂದು ಸಲ ಕೇಳಿಬಿಟ್ಟರೆ ಸಾಕು ಎಂದು ಒಕಾಚಿಯ ಜೀವ ಹಾತೊರೆಯುತ್ತಿತ್ತು.

ಒನಿಸಾಳ ಕಸೂತಿಯ ಬಿಳಿ ಅಂಗಿ ತೊಟ್ಟು ತಾಯ್ರಾ ಮೇಜಿನ ಮೊದಲ ಜಾಗದಲ್ಲಿ ಕುಳಿತಳು. ಮೂರು ಪದರದ ರೊಟ್ಟಿ ಬಂತು, ಮನೆಯಲ್ಲೇ ಮಾಡಿದ ಬಿಯರ್ ಬಂತು.

"ಒನಿಸಾ, ಅಲ್ಲಿ ಚಳಿ ಹೆಂಗೆ?" ಸಾಪನ್ ಕೆಣಕಿದ.

"ಚಳಿ ಪರವಾಗಿಲ್ಲ. ನಿನ್ನ ಗೊರಕೆ ಅಲ್ಲಿಗೂ ಕೇಳ್ಸುತ್ತೆ, ಅದೇ ಕಾಟ!"

ಎಲ್ಲರೂ ಗೊಳ್ಳೆಂದರು. ತಾಯ್ರಾ ಎಲ್ಲರ ಹತ್ತಿರವೂ ಮಾತಾಡಿದಳು, ಒಕಾಚಿಯತ್ತ ಮಾತ್ರ ತಿರುಗಲಿಲ್ಲ. ಒಕಾಚಿ ತನ್ನ ರೊಟ್ಟಿಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು.

ಹೊತ್ತು ಮುಳುಗಿತು. ಗೇಟಿನವರೆಗೂ ತಾಯ್ರಾಳ ಹಿಂದೆಯೇ ಹೋದ ಒಕಾಚಿ ತಡೆಯಲಾರದೆ, "ನಂಗೊಂದು ಮಾತೂ ಹೇಳ್ದೆ ಹೋಗ್ತೀಯಾ ಅಕ್ಕಾ?" ಎಂದಳು.

ತಾಯ್ರಾ ನಿಂತಳು. ತುಟಿ ದುಂಡಗಾಯಿತು. "ಹುಡುಗೀ... ಒಬ್ಳೇ ಅಂತ ಊಟ ಬಿಡ್ಬೇಡ ಕಣೇ."

ಅದೇ ಸ್ವರ, ಅದೇ ಎಳೆತ. 'ಹೋಗಿ ಬಾ' ಅನ್ನಬೇಕಾದ ಒಕಾಚಿ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡಮ್ಮಾ, ಅವಳಿಗೆ ಹೊತ್ತಾಗುತ್ತೆ," ಎಂದು ಸಾಪನ್ ಮೆಲ್ಲಗೆ ಬೆರಳು ಬಿಡಿಸಿದ.

ನೆಂಟರೆಲ್ಲ ಹೋದ ಮೇಲೆ ತಾಯ್ರಾ ತನ್ನ ಹಳೆಯ ಕೋಟು ಹಾಕಿಕೊಂಡು ಮತ್ತೆ ಬಂದಳು. ಕೈಯಲ್ಲಿ ಮಡಿಸಿದ ಬಟ್ಟೆಯ ಗಂಟು.

"ಟೀಚರ್, ಬಟ್ಟೆ ತಂದಿದ್ದೀನಿ."

ಇನ್ನೊಂದು ಸಲ 'ಹುಡುಗೀ' ಅನ್ನು ಎಂದು ಕೇಳುವ ಆಸೆ ಒಕಾಚಿಗೆ. ಆದರೆ ಬಟ್ಟೆ ಕಳಚಿದ ಮೇಲೆ ತಾಯ್ರಾ ಅಕ್ಕನಲ್ಲ, ಕೇಳುವ ಹಾಗಿಲ್ಲ.

"ಅಲ್ಲಿಡಿ," ಎಂದಳು.

ತಾಯ್ರಾ ಗಂಟನ್ನು ಮೆಟ್ಟಿಲ ಮೇಲಿಟ್ಟಳು. ಒಕಾಚಿ ಒಳಗೆ ಬನ್ನಿ ಅನ್ನಲಿಲ್ಲ. ತಾಯ್ರಾಳೂ ಹೋಗಲಿಲ್ಲ. ಗಂಟಿನ ಆಚೆಗೊಬ್ಬಳು ಈಚೆಗೊಬ್ಬಳು ಕುಳಿತು, ಬೀದಿಯನ್ನೇ ನೋಡುತ್ತಿದ್ದರು.