ಮೂವತ್ತೆರಡು ಸೀಟಿನ ಬಸ್ಸು

"ಸ್ಟಾಪಿಲ್ಲದ ಕಡೆ ಇಳಿಸೋಕೆ ಇದೇನು ನಿಮ್ಮಪ್ಪನ ಬಸ್ಸಾ? ಬಾಗಿಲು ಬಿಟ್ಟು ಆಚೆ ನಿಲ್ಲೇ ಮುದ್ಕಿ!"

ಕಂಡಕ್ಟರ್ ಹೀಗೆ ಎಗರಾಡಿದ್ದು ನಮ್ಮತ್ತೆಯ ಮೇಲೆ. ಬಸ್ಸಿನಲ್ಲಿ ಇದ್ದದ್ದೇ ನಾವಿಬ್ಬರು. ಮೂವತ್ತೆರಡು ಸೀಟೂ ಖಾಲಿ. ಆದರೂ ನಾವು ಕಂಬಿ ಹಿಡಿದು ನಿಂತಿದ್ದೆವು. ಯಾಕೆ ನಿಂತಿದ್ದೆವು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

"ಅಗೋ, ಅದೇ ನಮ್ಮನೆ ಕಣಪ್ಪಾ. ಒಂದ್ ಚೂರು ನಿಲ್ಸು, ನಿನ್ ಹೊಟ್ಟೆ ತಣ್ಣಗಿರ್ಲಿ," ಅಂದಳು ಅತ್ತೆ.

"ಸ್ಟಾಪಿಲ್ಲದ ಕಡೆ ಹತ್ತೋ ಹಾಗೂ ಇಲ್ಲ, ಇಳಿಯೋ ಹಾಗೂ ಇಲ್ಲ. ನಿಯಮ ಅಂದ್ರೆ ನಿಯಮ."

ಕಿಟಕಿಯಾಚೆ ನಮ್ಮ ಸಾಲುಮನೆಗಳು ಒಂದೊಂದಾಗಿ ಹಿಂದೆ ಸರಿದವು. ನಲ್ಲಿ ಕಟ್ಟೆ, ಇಸ್ತ್ರಿಯವಳ ಮೇಜು, ಬೆಳಿಗ್ಗೆ ನಾನೇ ತಂತಿಗೆ ಹಾಕಿದ್ದ ಬಟ್ಟೆ. ಕೈ ಚಾಚಿದರೆ ಎಳೆದುಕೊಳ್ಳಬಹುದಿತ್ತು. ಬಸ್ಸು ಹಾಗೇ ಮುಂದಕ್ಕೆ ಹೋಗಿ ಮರದ ಗೋದಾಮಿನ ಮುಂದೆ ನಿಂತಿತು. ಅಲ್ಲಿಂದ ಹಿಂದಕ್ಕೆ ಮುಕ್ಕಾಲು ಗಂಟೆಯ ನಡಿಗೆ. ಟಿಕೆಟ್ ತೆಗೆದುಕೊಂಡು, ನಮ್ಮ ಮನೆಯನ್ನೇ ದಾಟಿ, ಮತ್ತೆ ನಮ್ಮ ಮನೆಗೇ ನಡೆದುಕೊಂಡು ಬಂದೆವು. ದಾರಿಯುದ್ದಕ್ಕೂ ಅತ್ತೆ ಕಂಡಕ್ಟರನ ವಂಶವನ್ನೆಲ್ಲ ಜಾಲಾಡಿದಳು. ಅವನ ತಾತನವರೆಗೆ ಹೋಗುವಷ್ಟರಲ್ಲಿ ಮನೆ ಬಂತು.

ಅಂದ ಹಾಗೆ, ಈ ಬಸ್ಸು ಬಂದದ್ದೇ ನಮಗೋಸ್ಕರವಂತೆ.

ದಿಬ್ಬದ ಮೇಲೆ ಬಡಾವಣೆ, ದಿಬ್ಬದ ಬುಡದಲ್ಲಿ ನಮ್ಮ ಸಾಲುಮನೆ. ಮೇಲಿನವರ ಪಾತ್ರೆ, ನೆಲ, ಬಟ್ಟೆ, ಕಕ್ಕಸು, ಎಲ್ಲಕ್ಕೂ ಕೆಳಗಿನ ಹೆಂಗಸರೇ ಹತ್ತಿಕೊಂಡು ಹೋಗಬೇಕು. ಬಸ್ಸು ಶುರುವಾದ ದಿನ ಬಡಾವಣೆಯ ಸಂಘದ ಅಧ್ಯಕ್ಷರು ಮೈಕಿನ ಮುಂದೆ ನಿಂತು, "ನಮ್ಮ ಮನೆಗೆಲಸದ ಹೆಣ್ಣುಮಕ್ಕಳ ಬೆವರನ್ನು ನೋಡಲಾರದೆ ಈ ಬಸ್ಸನ್ನು ತರಿಸಿದ್ದೇವೆ" ಎಂದು ಕಣ್ಣೊರೆಸಿಕೊಂಡರು. ನಾವೂ ಚಪ್ಪಾಳೆ ತಟ್ಟಿದೆವು. ಟೇಪು ಕತ್ತರಿಸಿದ ಮೇಲೆ ಅದರ ಚೂರುಗಳನ್ನೂ ನಾವೇ ಗುಡಿಸಿದೆವು. ಮರುದಿನ ಬೆಳಿಗ್ಗೆ ಬಸ್ಸು ನಮ್ಮ ಬಾಗಿಲ ಮುಂದೆ ಧೂಳೆಬ್ಬಿಸಿಕೊಂಡು ನಿಲ್ಲದೆ ಹೋದಾಗಲೇ ತಿಳಿದದ್ದು, ಸಾಲುಮನೆಗೆ ಸ್ಟಾಪು ಕೊಟ್ಟಿಲ್ಲ ಅಂತ.

ಅಧ್ಯಕ್ಷರಿಗೆ ನಾವು ಇಟ್ಟ ಹೆಸರು ರೂಲ್ಸಪ್ಪ. ಉಸಿರಾಡುವುದಕ್ಕೂ ಅವರ ಹತ್ತಿರ ಒಂದು ನಿಯಮ ಇತ್ತು. ಹೋಗಿ ಕೇಳಿದೆವು.

"ನಿಮ್ಮ ಒಳ್ಳೇದಕ್ಕೇ ಕಣ್ರಮ್ಮಾ. ಅಲ್ಲಿ ರಸ್ತೆ ಇಕ್ಕಟ್ಟು, ನಿಮ್ಮ ಮಕ್ಕಳು ಆಡೋ ಜಾಗ. ಬಸ್ ನಿಂತ್ರೆ ಅಪಾಯ," ಅಂದರು.

"ನಿಂತಿರೋ ಬಸ್ಸು ಅಪಾಯಾನಾ ಸ್ವಾಮಿ, ಓಡೋ ಬಸ್ಸಾ?" ಅಂದಳು ಇಸ್ತ್ರಿಯವಳು. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

"ಬಾಯಿ ಮುಚ್ಚೇ. ಮೊದ್ಲು ಆ ಬಟ್ಟೆಗಂಟನ್ನ ನೆಲದಿಂದ ಎತ್ತು. ನನ್ನ ಶರ್ಟು ಅದು. ನೀನು ಕೂತು ಎದ್ದ ಜಾಗದಲ್ಲಿ ಇಡ್ತೀಯಲ್ಲ, ನಾಚ್ಕೆ ಆಗಲ್ವಾ? ಇನ್ನೊಂದ್ ಸಲ ನೆಲಕ್ಕಿಟ್ಟಿದ್ದು ಕಂಡ್ರೆ ಗೇಟಿನ ಒಳಗೆ ಬಿಡಲ್ಲ."

ನಿಜವಾದ ಕಾರಣ ನನ್ನ ಕಿವಿಗೆ ಬಿದ್ದದ್ದು ಅಧ್ಯಕ್ಷರ ಪಕ್ಕದ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ. ಅಧ್ಯಕ್ಷರ ಹೆಂಡತಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಅಲ್ಲಿ ನಿಲ್ಸಿದ್ರೆ ಬಸ್ಸೆಲ್ಲ ಅವರೇ ತುಂಬ್ಕೋತಾರೆ ಕಣ್ರೀ, ಆಮೇಲೆ ನಾವು ಕೂರೋದೆಲ್ಲಿ?" ಆಯಮ್ಮ ಇವತ್ತಿನವರೆಗೆ ಬಸ್ಸಿನ ಮೆಟ್ಟಿಲು ಮುಟ್ಟಿಲ್ಲ. ಮನೆಯಲ್ಲಿ ಇರುವವರು ಮೂರು ಜನ, ನಿಂತಿರುವ ಕಾರು ನಾಲ್ಕು.

ನಮ್ಮತ್ತೆ ಕೆಲಸ ಮಾಡುತ್ತಿದ್ದದ್ದು ಆ ಅಧ್ಯಕ್ಷರ ಮನೆಯಲ್ಲೇ. ಮೂವತ್ತು ವರ್ಷ. ಈಚೆಗೆ ಅವಳ ಮೊಣಕಾಲು ಊದಿ ಕುಂಬಳಕಾಯಿ ಆಗಿತ್ತು. ಇಪ್ಪತ್ತು ನಿಮಿಷದ ದಿಬ್ಬ ಅವಳಿಗೆ ಒಂದು ಗಂಟೆ. ಆರಕ್ಕೆ ಬರುವ ಬಸ್ಸು ನಮ್ಮ ಬಾಗಿಲಲ್ಲಿ ನಿಂತರೆ ಏಳೇ ನಿಮಿಷದಲ್ಲಿ ಅವಳು ಮೇಲಿರುತ್ತಿದ್ದಳು. ಅದು ನಿಲ್ಲುತ್ತಿರಲಿಲ್ಲ; ಏರುದಾರಿಯಲ್ಲಿ ಕಾಲೆಳೆಯುತ್ತಿದ್ದ ಅವಳ ಮೂಗಿಗೆ ಹೊಗೆ ಬಿಟ್ಟು ಖಾಲಿಯೇ ಹತ್ತುತ್ತಿತ್ತು.

ಒಂದು ದಿನ ಅಮ್ಮಾವರು ಗೇಟಿನಲ್ಲೇ ಅವಳನ್ನು ತಡೆದರು.

"ಗಂಟೆ ಎಷ್ಟು?"

"ಕಾಲು ಬರ್ತಿಲ್ಲಮ್ಮಾ..."

"ಕಾಲು ಬರ್ದಿದ್ರೆ ಮನೇಲಿ ಬಿದ್ಕೋ. ನನ್ನ ಮಗಳು ಕಾಫಿ ಲೋಟ ತೊಳ್ಕೊಂಡ್ಳು ಗೊತ್ತಾ ಇವತ್ತು? ಅವಳ ಕೈಯಾರೆ! ಈ ತಿಂಗಳು ಮುಗಿಯೋವರ್ಗೂ ನೋಡ್ತೀನಿ. ಆರೂವರೆಗೆ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆಯವಳನ್ನ ಹುಡುಕ್ಕೋತೀನಿ."

ಅತ್ತೆ ಅಂದು ಒರೆಸುವ ಬಟ್ಟೆ ಹಿಂಡುವಾಗ ಅದನ್ನು ಹರಿದೇ ಹಾಕಿದಳು. ಆ ಕಾಲನ್ನು ಕಂಡು ಬೇರೆ ಯಾರು ಕೆಲಸ ಕೊಡುತ್ತಾರೆ? ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಕ್ಕದ ಹಿತ್ತಿಲಿನಿಂದ ಅವಳ ಮುಖ ಕಂಡು, ಹೋಗಿ ಜತೆಗೆ ನಿಲ್ಲಬೇಕೆನಿಸಿತು. ಆದರೆ ನನ್ನ ಎರಡು ಕೈಯೂ ಇನ್ನೊಬ್ಬರ ಬಾಣಲೆಯೊಳಗಿದ್ದವು.

ತಿಂಗಳ ಕೊನೆಯ ವಾರ ರೂಲ್ಸಪ್ಪ ತಾವೇ ದಿಬ್ಬ ಇಳಿದು ಸಾಲುಮನೆಗೆ ಬಂದರು. ಮೂವತ್ತು ವರ್ಷದಲ್ಲಿ ಬಾರದವರು ಬಂದರೆಂದು ನಾವು ಗಾಬರಿಯಾದೆವು. ಯಾರೋ ಸತ್ತರೇನೋ ಅಂದುಕೊಂಡೆವು. ಸಾಯುವ ಸ್ಥಿತಿಯಲ್ಲಿದ್ದದ್ದು ಬಸ್ಸು. ಮೇಲಿನಿಂದ ಯಾರೂ ಹತ್ತುತ್ತಿಲ್ಲವೆಂದು ಸಾರಿಗೆ ಕಚೇರಿಗೆ ಗೊತ್ತಾಗಿ, ಮಂಗಳವಾರ ಒಬ್ಬ ಅಧಿಕಾರಿ ಎಣಿಸಲು ಬರುತ್ತಾನಂತೆ. ಬಸ್ಸು ತುಂಬದಿದ್ದರೆ ಮಾರ್ಗವೇ ರದ್ದು. ಅಧ್ಯಕ್ಷರ ಎಂಟು ನಿವೇಶನ ಮೇಲೆ ಮಾರಾಟಕ್ಕಿದ್ದವು, 'ಮನೆ ಬಾಗಿಲಿಗೇ ಬಸ್ಸು' ಎಂದು ಫಲಕ ಬೇರೆ ಹಾಕಿಸಿದ್ದರು.

"ಮಂಗಳವಾರ ಹತ್ತು ಗಂಟೆಗೆ ಮೂವತ್ತೆರಡು ಜನ ಬೇಕು," ಅಂದರು. "ಎಲ್ರೂ ಬಡಾವಣೆಯವರ ಥರ ಬರ್ಬೇಕು. ಬಟ್ಟೆ ನಾವೇ ಕೊಡ್ತೀವಿ. ಹತ್ತಿ ಕೂತ್ಕೊಳ್ಳಿ, ಅವನು ಎಣಿಸ್ಕೊಂಡು ಹೋಗ್ತಾನೆ, ನೀವು ಇಳಿದು ಕೆಲಸಕ್ಕೆ ಹೋಗಿ. ಅಷ್ಟೇ."

"ಮತ್ತೆ ನಮ್ಮ ಸ್ಟಾಪು?" ಅಂದೆ ನಾನು.

"ಮೊದ್ಲು ಬಸ್ಸು ಉಳೀಲಿ. ಆಮೇಲೆ ನೋಡೋಣ. ಬರ್ದಿದ್ದೋರು ನಾಳೆಯಿಂದ ಗೇಟಿನ ಹತ್ರಾನೂ ಸುಳೀಬೇಡಿ."

ಅವರು ಹೋದ ಮೇಲೆ ಇಸ್ತ್ರಿಯವಳು ನೆಲಕ್ಕೆ ಉಗಿದಳು. "ಮದುವೆ ಅವರದು, ಊಟ ಅವರದು, ಎಲೆ ಎತ್ತೋದು ಮಾತ್ರ ನಾವು. ಥೂ, ಬೇವರ್ಸಿ!"

ಮಂಗಳವಾರ ಮೇಲಿನ ಮನೆಗಳಲ್ಲಿ ನಮಗೆ ಅಲಂಕಾರ ನಡೆಯಿತು. ನನಗೆ ಒಂದು ಕಪ್ಪು ಕನ್ನಡಕ, ಎದುರಿಗಿರುವುದೆಲ್ಲ ಮಬ್ಬು ಮಬ್ಬು. ಅತ್ತೆಗೆ ಅಮ್ಮಾವರ ಶಾಲು, ಕೈಚೀಲ, ಎತ್ತರದ ಹಿಮ್ಮಡಿಯ ಚಪ್ಪಲಿ. ಊದಿದ ಕಾಲಿಗೆ ಆ ಚಪ್ಪಲಿ ಹೋಗದೆ, ಅಮ್ಮಾವರೇ ಬಗ್ಗಿ ತುರುಕಿದರು. ಅತ್ತೆಯ ಕಾಲು ಹಿಡಿದವರನ್ನು ನಾನು ಕಂಡದ್ದು ಅದೇ ಮೊದಲು. ಇಸ್ತ್ರಿಯವಳು ಸೀರೆ ಬದಲಿಸಿಕೊಂಡಳು, ಆದರೆ ಬಟ್ಟೆಗಂಟು ಬಿಡಲಿಲ್ಲ. ಅಧ್ಯಕ್ಷರ ಶರ್ಟುಗಳನ್ನು ಹನ್ನೊಂದರೊಳಗೆ ತಲುಪಿಸಬೇಕಿತ್ತು.

ಬಸ್ಸು ಬಂತು. ಹತ್ತಿದೆವು. ಅಧ್ಯಕ್ಷರು ಅಧಿಕಾರಿಯನ್ನು ಎದುರುಗೊಂಡು, ಕೈ ಕುಲುಕಿ, ನಗುನಗುತ್ತಾ ಬಾಗಿಲಲ್ಲಿ ಇಣುಕಿದರು. ಅವರ ನಗು ಅಲ್ಲೇ ಬತ್ತಿಹೋಯಿತು.

ಮೂವತ್ತೆರಡು ಸೀಟೂ ಖಾಲಿ ಇದ್ದವು. ನಾವು ಮೂವತ್ತೆರಡು ಜನವೂ ಕಾಲು ಮಡಚಿಕೊಂಡು ಸಾಲಾಗಿ ನೆಲದ ಮೇಲೆ ಕೂತಿದ್ದೆವು.

ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ. ಮೇಲಿನವರ ಮನೆಯಲ್ಲಿ ಕುರ್ಚಿ, ಸೋಫಾ ಇರುವುದು ಒರೆಸುವುದಕ್ಕೆ. ಕೂರುವುದು ನೆಲದ ಮೇಲೆ, ಅದೂ ಹಿತ್ತಿಲ ಬಾಗಿಲ ಹತ್ತಿರ. ಮೇಲಿನವರ ಬಸ್ಸು ಅಂದಮೇಲೆ ಕಾಲು ತಾನಾಗಿಯೇ ಮಡಚಿಕೊಂಡಿತ್ತು. ಅಂದು ನಾನೂ ಅತ್ತೆಯೂ ನಿಂತೇ ಬಂದದ್ದೂ ಇದಕ್ಕೇ.

"ಅಯ್ಯೋ ದರಿದ್ರದವ್ರೇ!" ರೂಲ್ಸಪ್ಪ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. "ಮಾನ ಕಳೀಬೇಡ್ರೇ! ಏಳ್ರೇ! ಸೀಟಿನ ಮೇಲೆ ಕೂತ್ಕೊಳ್ರೇ! ಕೈ ಮುಗೀತೀನಿ!"

ಎದ್ದು ಕೂತೆವು. ಅತ್ತೆ ಮೊದಲು ಸೀಟನ್ನು ಶಾಲಿನ ತುದಿಯಿಂದ ಒರೆಸಿದಳು, ಆಮೇಲೆ ಕೂತಳು. ಕೂತು ಒಂದು ಸಲ ಮೆಲ್ಲಗೆ ಕುಪ್ಪಳಿಸಿದಳು.

"ಮೆತ್ತಗಿದೆ ಕಣೇ," ಅಂದಳು ನನಗೆ.

ಅಧಿಕಾರಿ ಒಳಗೆ ಬಂದು ಪೆನ್ನಿನ ತುದಿಯಿಂದ ತಲೆ ಎಣಿಸಿದ. ಅತ್ತೆಯ ಮುಂದೆ ನಿಂತ.

"ಎಷ್ಟು ವರ್ಷದಿಂದ ಇದ್ದೀರಮ್ಮಾ ಬಡಾವಣೇಲಿ?"

"ಮೂವತ್ತು ವರ್ಷ."

"ಯಾವ ಮನೆ?"

"ಆ ಹಸಿರು ಗೇಟಿಂದು."

"ದೊಡ್ಡ ಮನೆ."

"ಹೂಂ ಸ್ವಾಮಿ. ಹದಿನಾಲ್ಕು ಕೋಣೆ. ಒಂದೊಂದು ಮೂಲೆನೂ ಗೊತ್ತು ನಂಗೆ."

ಅಧ್ಯಕ್ಷರಿಗೆ ಕೆಮ್ಮು ಬಂತು. ಅಧಿಕಾರಿ ಅತ್ತೆಯ ಕೈ ನೋಡಿದ. ಸೋಪಿನ ನೀರಿಗೆ ಬಿರಿದು ಗೆರೆಯೇ ಅಳಿಸಿಹೋದ ಕೈ. ಕಾಲು ನೋಡಿದ. ಆಮೇಲೆ ತನ್ನ ಹಾಳೆ ನೋಡಿಕೊಂಡು, 'ನಿವಾಸಿಗಳು: ಮೂವತ್ತೆರಡು' ಎಂದು ಗಟ್ಟಿಯಾಗಿ ಓದುತ್ತಾ ಬರೆದ. ಅವನಿಗೇನು ಗೊತ್ತಾಗಲಿಲ್ಲವೆ? ಕಣ್ಣು ಬೇರೆ, ಹಾಳೆ ಬೇರೆ.

"ಮಾರ್ಗ ಉಳೀತು ಬಿಡಿ," ಅಂದ ಕೆಳಗಿಳಿದು. ಅಧ್ಯಕ್ಷರು ನಮಗೆ ಇಳಿಯಿರಿ ಎಂದು ಕಣ್ಸನ್ನೆ ಮಾಡುವಷ್ಟರಲ್ಲಿ ಅವನೇ, "ಬಸ್ ಹೊರಡ್ಲಿ, ಹೊರಟ ಟೈಮು ಬರ್ಕೋಬೇಕು," ಎಂದು ಗಡಿಯಾರ ನೋಡುತ್ತಾ ನಿಂತುಬಿಟ್ಟ.

ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೆಳಗಿನ ಪಾತ್ರೆಯೆಲ್ಲ ಮನೆಮನೆಯಲ್ಲಿ ಬಿದ್ದಿತ್ತು. ಕಿಟಕಿಯಿಂದ ಕಂಡಕ್ಟರನ ಕಿವಿಗೆ ಬಾಯಿಟ್ಟು, "ಸಾಲುಮನೆ ಹತ್ರ ಇಳಿಸ್ಬಿಡು ಇವರನ್ನ. ಓಡಿ ವಾಪಸ್ ಬರ್ಲಿ," ಅಂದರು.

"ಅಲ್ಲಿ ಸ್ಟಾಪಿಲ್ಲ ಸಾರ್."

"ನಾನು ಹೇಳ್ತಿದ್ದೀನಲ್ಲಯ್ಯಾ!"

ನಾನು ಕೇಳಿಸಿಕೊಂಡೆ. ಅತ್ತೆಯೂ ಕೇಳಿಸಿಕೊಂಡಳು. ಬಸ್ಸು ಇಳಿಜಾರು ಹಿಡಿಯಿತು. ಅವಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದಿದ್ದಳು.

ಬಸ್ಸು ನಮ್ಮ ನಲ್ಲಿ ಕಟ್ಟೆಯ ಮುಂದೆ ನಿಂತಿತು. ಬಾಗಿಲು ತೆರೆಯಿತು.

"ಇಳೀರಮ್ಮಾ, ನಿಮ್ಮನೆ ಬಂತು," ಅಂದ ಕಂಡಕ್ಟರ್. ಸಕ್ಕರೆ ಹಚ್ಚಿದ ದನಿ.

"ಇಲ್ಲಿ ಸ್ಟಾಪಿದ್ಯೇನಪ್ಪಾ?" ಅಂದಳು ಅತ್ತೆ.

"ಇಲ್ಲ. ಇವತ್ತೊಂದಿನ..."

"ಸ್ಟಾಪಿಲ್ಲದ ಕಡೆ ಹತ್ತೋ ಹಾಗೂ ಇಲ್ಲ, ಇಳಿಯೋ ಹಾಗೂ ಇಲ್ಲ. ನೀನೇ ತಾನೆ ಹೇಳಿದ್ದು? ನಾವು ಅಷ್ಟೆಲ್ಲ ನಿಯಮ ಮುರಿಯೋರಲ್ಲಪ್ಪ."

ಕನ್ನಡಕ ತೆಗೆದು ಸುತ್ತ ನೋಡಿದೆ. ಒಬ್ಬರೂ ಎದ್ದಿರಲಿಲ್ಲ. ನಾವು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ಹಂಗಾದ್ರೆ ಗೋದಾಮಿಗೇ ಹೋಗಿ ಸಾಯಿರಿ!" ಎಂದು ಕಂಡಕ್ಟರ್ ಸೀಟಿ ಊದಲು ಹೋದ. ಅಷ್ಟರಲ್ಲಿ ಇಸ್ತ್ರಿಯವಳು ತನ್ನ ಸೀಟಿನ ಮೇಲೆ ಬಟ್ಟೆಗಂಟನ್ನು ನೆಟ್ಟಗೆ ಕೂರಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ಕಾಲನ್ನು ಹೊರಗೆ ಇಳಿಬಿಟ್ಟಳು.

"ಅರ್ಧ ಇಳಿದಿದ್ದೀನಿ," ಅಂದಳು. "ಇನ್ನರ್ಧ ಯೋಚ್ನೆ ಮಾಡ್ತಿದ್ದೀನಿ."

"ಬಾಗಿಲು ಮುಚ್ಚದೆ ಗಾಡಿ ಬಿಡೋ ಹಾಗಿಲ್ಲ, ನಿಯಮ," ಎಂದ ಡ್ರೈವರ್. ಎಂಜಿನ್ ಆರಿಸಿ, ಸೀಟಿಗೆ ಒರಗಿಕೊಂಡ. ಅವನಿಗೆ ಒಳಗೊಳಗೇ ನಗು ಬರುತ್ತಿತ್ತು, ಕನ್ನಡಿಯಲ್ಲಿ ಕಾಣುತ್ತಿತ್ತು.

ರಸ್ತೆ ಇಕ್ಕಟ್ಟು ಎಂದು ಅಧ್ಯಕ್ಷರು ಹೇಳಿದ್ದು ಸುಳ್ಳಲ್ಲ. ಹತ್ತೇ ನಿಮಿಷಕ್ಕೆ ಬಸ್ಸಿನ ಹಿಂದೆ ಮೇಲಿನ ಕಾರುಗಳು ಸಾಲುಗಟ್ಟಿದವು. ಹಾರನ್ನು ಹಾಕಿ ಹಾಕಿ ಸುಸ್ತಾದವು. ಅಧ್ಯಕ್ಷರು ತಮ್ಮ ಕಾರನ್ನು ಎಲ್ಲೋ ಮೇಲೇ ಬಿಟ್ಟು, ನಡೆದುಕೊಂಡು, ಬೆವರು ಒರೆಸುತ್ತಾ ಬಂದರು. ಅವರ ಬೆವರನ್ನು ನಾವು ನೋಡಿದ್ದೂ ಅಂದೇ. ಇಸ್ತ್ರಿಯವಳ ತಲೆಯ ಮೇಲಿಂದ ದಾಟಿ ಒಳಗೆ ಹತ್ತಿದರು.

"ಏನ್ರೇ ಇದು ನಾಟಕ? ಇಳೀರೇ ಕೆಳಗೆ! ಮನೇಲಿ ಪಾತ್ರೆ ನಾರ್ತಾ ಇದೆ!"

ನಾವು ಸೀಟಿನಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತೆವು.

"ನಾಳೆಯಿಂದ ಒಬ್ಬಳೂ ಕೆಲಸಕ್ಕೆ ಬರ್ಕೂಡ್ದು!"

"ನಾಳೆ ಆರೂವರೆಗೆ ಬರ್ತೀನಿ ಸ್ವಾಮಿ," ಅಂದಳು ಅತ್ತೆ. "ಇಲ್ಲೊಂದು ಕಂಬ ನೆಡ್ಸಿ, ಬೋರ್ಡ್ ಹಾಕ್ಸಿ. ಆರು ಗಂಟೆ ಏಳು ನಿಮಿಷಕ್ಕೇ ಬರ್ತೀನಿ."

ಹೇಳಿದಂತೆ ಮಾಡುವ ಜನ ಮೇಲಿನವರು. ನಾಳೆ ಮೂವತ್ತೆರಡು ಒಲೆಯೂ ಹೊತ್ತದೇ ಇರಬಹುದು. ಆದರೂ ಎದ್ದು ನಿಲ್ಲಲು ನನ್ನ ಕಾಲಿಗೆ ಮನಸ್ಸಿರಲಿಲ್ಲ.

ಅಧ್ಯಕ್ಷರು ಉಸಿರು ತೆಗೆದುಕೊಳ್ಳಲು ಕೂರಬೇಕೆಂದು ಅತ್ತಿತ್ತ ನೋಡಿದರು. ಎಲ್ಲ ಸೀಟೂ ಭರ್ತಿ. ಒಂದರಲ್ಲಿ ಮಾತ್ರ ಮನುಷ್ಯರಿರಲಿಲ್ಲ, ಬಟ್ಟೆಗಂಟಿತ್ತು. ಅದನ್ನು ಎತ್ತಲು ಕೈ ಹಾಕಿದರು.

"ಹಾಂ ಹಾಂ, ಮುಟ್ಬೇಡಿ!" ಇಸ್ತ್ರಿಯವಳು ಮೆಟ್ಟಿಲಿನಿಂದಲೇ ಕೂಗಿದಳು. "ನಿಮ್ಮದೇ ಶರ್ಟು ಅವು. ನೆಲಕ್ಕಿಡಬೇಡ ಅಂತ ನೀವೇ ಹೇಳಿದ್ದು."

ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕಂಬಿ ಹಿಡಿದು ನಿಂತರು.

"ಗಟ್ಟಿಯಾಗಿ ಹಿಡ್ಕೊಳ್ಳಿ ಸ್ವಾಮಿ," ಅಂದಳು ಅತ್ತೆ. "ಮೊದ್ಲು ಮೊದ್ಲು ಕಾಲು ನೋಯುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."

ಹಾಗೆಂದವಳು ಅಮ್ಮಾವರ ಚಪ್ಪಲಿಯನ್ನು ಕಳಚಿ ಪಕ್ಕಕ್ಕಿಟ್ಟಳು. ಊದಿದ ಕಾಲನ್ನು ಎರಡು ಕೈಯಲ್ಲೂ ಎತ್ತಿ, ನೀಳವಾಗಿ ಮುಂದಕ್ಕೆ ಚಾಚಿ, ಸೀಟಿಗೆ ಬೆನ್ನು ಕೊಟ್ಟು ಕೂತಳು.